ಇಲ್ಲದ ಕಡತದ ಲೆಕ್ಕ : ಹಾನಗಲ್ಲ ಸೀಮೆಯ ಶಾಸನಪ್ರತಿಗಳೂ ನಕ್ಷತ್ರಚಿಹ್ನೆಯ ಇತಿಹಾಸವೂ

೧. ಪ್ರಸ್ತಾವನೆ

ಆಧಾರವಿಲ್ಲದೆ ಏನನ್ನೂ ಹೇಳಬಾರದೆಂಬುದು ಇತಿಹಾಸದ ವಿದ್ಯಾರ್ಥಿಗೆ ಗುರುಗಳು ಹೇಳಿಕೊಡುವ ಮೊದಲ ಪಾಠ. ಆಧಾರವು ದೊರೆಯದಿದ್ದಾಗ ಆ ಸಂಗತಿಯನ್ನು ಹೇಗೆ ಹೇಳಬೇಕೆಂಬುದು ಎರಡನೆಯ ಪಾಠ. ಇದು ಮೊದಲನೆಯದಕ್ಕಿಂತ ಕಠಿನವಾದುದು. ‘ಹುಡುಕಿದೆನು, ಇಲ್ಲ’, ‘ಹುಡುಕಲಿಲ್ಲ’, ‘ಹುಡುಕಲು ಅವಕಾಶ ದೊರೆಯಲಿಲ್ಲ’ ಎಂಬ ಮೂರು ಮಾತುಗಳು ಬೇರೆಬೇರೆಯಾದವು. ಇವನ್ನು ಒಂದರೊಳಗೊಂದು ಬೆರೆಸಿದರೆ ಮುಂದಿನ ಸಂಶೋಧಕನು ದಾರಿ ತಪ್ಪುವನು. ಶಾಸನಗಳ ಛಾಯಾಚಿತ್ರಗಳನ್ನೂ ಪಾಠಗಳನ್ನೂ ಗಣಕಯಂತ್ರದಲ್ಲಿ ಇರಿಸಿಕೊಳ್ಳುವ ಈ ಕಾಲದಲ್ಲಿ ಅದೇ ತೊಡಕು ಹೊಸ ವೇಷದಲ್ಲಿ ನಮ್ಮೆದುರಿಗೆ ಬಂದಿದೆ. ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಕಾರಣವಾದುದು ನನ್ನದೇ ಒಂದು ತಪ್ಪು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ನಮ್ಮ ವಿದ್ಯಾರ್ಥಿಗಳು ತೆಗೆದ ಛಾಯಾಚಿತ್ರಗಳನ್ನು ತಾಲೂಕಿಗೊಂದರಂತೆ ನಾಲ್ಕು ಫೋಲ್ಡರುಗಳಲ್ಲಿ ಇರಿಸಿ, ಅವುಗಳ ಸಂಖ್ಯೆಯನ್ನು ಎಣಿಸಲು ಒಂದು ಚಿಕ್ಕ ಷೆಲ್ ಸ್ಕ್ರಿಪ್ಟನ್ನು ಬರೆದಿದ್ದೆನು. ‘*.ಜೆಪಿಜಿ’ ಎಂಬ ಮಾದರಿಗೆ ಹೊಂದುವ ಪ್ರತಿಯೊಂದು ಕಡತಕ್ಕೂ ಒಂದು ಸೇರಿಸುತ್ತ ಹೋಗುವುದು ಅದರ ಕೆಲಸ. ಸವಣೂರಿನ ಎದುರಿಗೆ ‘೧’ ಎಂಬ ಅಂಕಿ ಬಂದಿತು. ನಾನು ಅದನ್ನು ಹಾಗೆಯೇ ವರದಿಯ ಕರಡಿನಲ್ಲಿ ಬರೆದೆನು. “ಆ ಒಂದು ಯಾವುದು, ಸರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ಫೋಲ್ಡರನ್ನು ತೆರೆದು ನೋಡಿದೆವು. ಅಲ್ಲಿ ಆ ಜಾತಿಯ ಕಡತ ಒಂದೂ ಇರಲಿಲ್ಲ. ನವಾಬರ ಕಾಲದ ಪಾರಸಿ ಬರಹಗಳ ಚಿತ್ರಗಳೆಲ್ಲ ‘ಟಿಫ್’ ಎಂಬ ಬೇರೊಂದು ರೂಪದಲ್ಲಿದ್ದುವು. ಯಂತ್ರವು ಎಣಿಸಿದ ಆ ‘ಒಂದು’, ನಾನೇ ಬರೆದುಕೊಟ್ಟ ನಕ್ಷತ್ರಚಿಹ್ನೆಯಾಗಿದ್ದಿತು! ಹುಡುಕಾಟದ ಸೂತ್ರವೇ ಹುಡುಕಿದ ವಸ್ತುವಾಗಿ ಪಟ್ಟಿಯಲ್ಲಿ ಸೇರಿಹೋಗಿದ್ದಿತು. ಅಲ್ಲಿ ನಿಜವಾಗಿ ಇದ್ದ ಚಿತ್ರಗಳು ಲೆಕ್ಕಕ್ಕೇ ಬಂದಿರಲಿಲ್ಲ.

೨. ಸೀಮೆಯೂ ಸಾಮಗ್ರಿಯೂ

ಈ ನಾಲ್ಕು ತಾಲೂಕುಗಳ ಐತಿಹಾಸಿಕ ಮಹತ್ತ್ವವು ವಾಚಕರಿಗೆ ವಿದಿತವೇ ಇದೆ. ಶಾಸನಗಳಲ್ಲಿ ಪಾನುಂಗಲ್ ಎಂದು ಕರೆಯಲ್ಪಟ್ಟಿರುವ ಹಾನಗಲ್ಲು ಪಾನುಂಗಲ್ ಐನೂರರ ಮುಖ್ಯಸ್ಥಾನವಾಗಿಯೂ ಕದಂಬರ ಒಂದು ಶಾಖೆಯ ರಾಜಧಾನಿಯಾಗಿಯೂ ಮೆರೆದುದು. ಅಲ್ಲಿಯ ತಾರಕೇಶ್ವರ ದೇವಾಲಯವು ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿದೆ. ಶಿಗ್ಗಾವಿ ತಾಲೂಕಿನ ಬಂಕಾಪುರವು ರಾಷ್ಟ್ರಕೂಟ ಅಮೋಘವರ್ಷನ ಸಾಮಂತನಾದ ಬಂಕೆಯನ ಹೆಸರನ್ನು ಹೊತ್ತ ಊರು. ಅಲ್ಲಿಯ ಕೋಟೆಯೊಳಗಣ ನಗರೇಶ್ವರ ದೇವಾಲಯವನ್ನು ಜನರು ಅರವತ್ತು ಕಂಬದ ಗುಡಿಯೆಂದು ಕರೆಯುತ್ತಾರೆ. ಸವಣೂರು ೧೯೪೮ರವರೆಗೆ ನವಾಬರ ಸಂಸ್ಥಾನವಾಗಿದ್ದಿತು. ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ತಿಳಿಸುವ ಪ್ರಸಿದ್ಧ ಶಾಸನವಿದೆ.

ಈ ಸೀಮೆಯ ಶಾಸನಗಳನ್ನು ಸಂಗ್ರಹಿಸುವ ಕಾರ್ಯವು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಮೊದಲಾಯಿತು. ವಾಲ್ಟರ್ ಎಲಿಯಟ್ ಅವರು ಧಾರವಾಡ ಪ್ರಾಂತದಲ್ಲಿ ಅಧಿಕಾರಿಯಾಗಿದ್ದಾಗ ಐದುನೂರಕ್ಕೂ ಮಿಕ್ಕ ಶಾಸನಗಳ ಕೈಬರಹದ ಪ್ರತಿಗಳನ್ನು ಮಾಡಿಸಿದರು; ಅವುಗಳನ್ನು ಆಧರಿಸಿದ ಅವರ ಲೇಖನವು ೧೮೩೭ರಲ್ಲಿ ಪ್ರಕಟವಾಯಿತು. ತರುವಾಯ ಜೆ. ಎಫ್. ಫ್ಲೀಟ್ ಅವರು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ೧೮೮೨ರಲ್ಲಿ ಹೊರತಂದರು. ಅಬಲೂರಿನ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿದರು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು ೧೯೩೯ರಲ್ಲಿ ಸ್ಥಾಪಿತವಾಯಿತು. ಮುಂಬಯಿ-ಕರ್ನಾಟಕದ ಶಾಸನಗಳಿಗಾಗಿಯೇ ‘ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಶನ್ಸ್’ ಮಾಲೆಯ ಕೆಲವು ಸಂಪುಟಗಳು ಮೀಸಲಾದವು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಎರಡು ಶತಮಾನಗಳಿಗೆ ಸಮೀಪವಾದ ಈ ಕಾರ್ಯದಲ್ಲಿ ಊರುಗಳ ಹೆಸರುಗಳೂ ಆಡಳಿತದ ಎಲ್ಲೆಗಳೂ ಒಂದೇ ತೆರನಾಗಿ ಉಳಿದಿಲ್ಲ. ಪಾನುಂಗಲ್ ಹೋಗಿ ಹಾನಗಲ್ಲಾಯಿತು; ಪಕಾರವು ಹಕಾರವಾದುದು ಕನ್ನಡ ಭಾಷೆಯ ಚರಿತ್ರೆಯ ಒಂದು ಮುಖ್ಯ ಘಟ್ಟವೇ ಆಗಿದೆ. ಅಬ್ಬಲೂರು ಅಬಲೂರಾಯಿತು. ಶಿಗ್ಗಾವಿಯನ್ನು ಕೆಲವರು ಶಿಗ್ಗಾಂವಿಯೆಂದೂ ಮತ್ತೆ ಕೆಲವರು ಶಿಗ್ಗಾಂವವೆಂದೂ ಬರೆಯುತ್ತಾರೆ. ಹಳೆಯ ವರದಿಗಳಲ್ಲಿ ಧಾರವಾಡ ಜಿಲ್ಲೆಯಲ್ಲಿ ಎಣಿಸಲ್ಪಟ್ಟ ಈ ನಾಲ್ಕೂ ತಾಲೂಕುಗಳು ೧೯೯೭ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದುವು. ಕದಂಬೇಶ್ವರ ದೇವಾಲಯವಿರುವ ರಟ್ಟೀಹಳ್ಳಿಯು ಹಿರೇಕೆರೂರಿನಿಂದ ಬೇರ್ಪಟ್ಟು ಈಗ ತಾನೇ ಒಂದು ತಾಲೂಕಾಗಿದೆ. ಆದುದರಿಂದ ಒಂದೇ ಶಿಲೆಯ ಪ್ರತಿಯು ಒಬ್ಬರ ಸಂಗ್ರಹದಲ್ಲಿ ಒಂದು ಹೆಸರಿನಿಂದ, ಇನ್ನೊಬ್ಬರ ಸಂಗ್ರಹದಲ್ಲಿ ಬೇರೊಂದು ಹೆಸರಿನಿಂದ ಇರುವುದು ಆಶ್ಚರ್ಯವಲ್ಲ. ಇವನ್ನೆಲ್ಲ ಒಟ್ಟಿಗೆ ತರಬೇಕಾದರೆ, ತಿಳಿದ ಅಕ್ಷರಗಳನ್ನು ಬರೆದು ತಿಳಿಯದ ಅಕ್ಷರಗಳ ಎಡೆಯಲ್ಲಿ ಒಂದು ಗುರುತನ್ನು ಇಡಬೇಕಾಗುತ್ತದೆ. ಆ ಗುರುತುಗಳೇ *, ? ಮತ್ತು [ ] ಎಂಬ ಚಿಹ್ನೆಗಳು.

೩. ಚಿಹ್ನೆಗಳ ಚರಿತ್ರೆ

ಈ ಚಿಹ್ನೆಗಳ ಮೂಲವು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದೆ. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ೧೯೬೯ರಿಂದ ರೂಪಿಸಿದ ಯೂನಿಕ್ಸ್ ವ್ಯವಸ್ಥೆಯ ಮೊದಲನೆಯ ಕೈಪಿಡಿಯು ೧೯೭೧ರ ನವೆಂಬರದಲ್ಲಿ ಸಿದ್ಧವಾಯಿತು. ಬಳಕೆದಾರನ ಆಜ್ಞೆಯನ್ನು ಓದಿ ಅದನ್ನು ಯಂತ್ರದಿಂದ ನೆರವೇರಿಸುವ ಮಧ್ಯವರ್ತಿಗೆ ಷೆಲ್ ಎಂದು ಹೆಸರು. ಅಂದಿನ ಷೆಲ್ ಈ ಚಿಹ್ನೆಗಳನ್ನು ತಾನೇ ಬಿಡಿಸುತ್ತಿರಲಿಲ್ಲ. ಅವು ಕಂಡುಬಂದೊಡನೆ ಆ ಕೆಲಸವನ್ನು ‘ಗ್ಲಾಬ್’ ಎಂಬ ಪ್ರತ್ಯೇಕ ಕಾರ್ಯಕ್ರಮಕ್ಕೆ ಒಪ್ಪಿಸುತ್ತಿದ್ದಿತು. ಇಂದಿಗೂ ಈ ಕ್ರಿಯೆಗೆ ಗ್ಲಾಬಿಂಗ್ ಎಂಬ ಹೆಸರು ಉಳಿದಿರುವುದಕ್ಕೆ ಇದೇ ಕಾರಣ.

ಚಿಹ್ನೆಗಳ ಅರ್ಥವು ಸರಳವಾದುದು. ? ಎಂಬುದು ಯಾವುದಾದರೂ ಒಂದೇ ವರ್ಣಕ್ಕೆ ಹೊಂದುತ್ತದೆ. * ಎಂಬುದು ಎಷ್ಟು ವರ್ಣಗಳಿಗಾದರೂ ಹೊಂದುತ್ತದೆ; ಒಂದೂ ಇಲ್ಲದಿದ್ದರೂ ಹೊಂದುತ್ತದೆ. ಚೌಕ ಆವರಣವು ತನ್ನೊಳಗಿನ ವರ್ಣಗಳಲ್ಲಿ ಯಾವುದಾದರೂ ಒಂದಕ್ಕೆ ಹೊಂದುತ್ತದೆ. ‘ಅಬ*ಲೂರು’ ಎಂದು ಬರೆದರೆ ಅಬ್ಬಲೂರೂ ದೊರೆಯುವುದು, ಅಬಲೂರೂ ದೊರೆಯುವುದು. ಶಾಸನ ಸಂಪಾದಕರು ನಶಿಸಿದ ಅಕ್ಷರಗಳ ಸ್ಥಾನದಲ್ಲಿ ಇಡುವ ಚುಕ್ಕೆಗಳಿಗೂ ಇವಕ್ಕೂ ಮೇಲುನೋಟಕ್ಕೆ ಸಾಮ್ಯವುಂಟಾದರೂ ಸ್ವಭಾವದಲ್ಲಿ ಭೇದವಿದೆ. ಸಂಪಾದಕನ ಚುಕ್ಕೆಯು ‘ಇಲ್ಲಿ ಇದ್ದುದು ಹೋಯಿತು’ ಎಂದು ಸಾರುತ್ತದೆ. ಷೆಲ್ಲಿನ ನಕ್ಷತ್ರವು ‘ಇಲ್ಲಿ ಏನಾದರೂ ಇರಬಹುದು, ಇಲ್ಲದೆಯೂ ಇರಬಹುದು’ ಎಂದಷ್ಟೇ ಹೇಳುತ್ತದೆ.

ಮಾದರಿಗೆ ಹೊಂದುವ ಕಡತ ಒಂದೂ ಇಲ್ಲದಿದ್ದರೆ ಏನು ಮಾಡಬೇಕು? ಈ ಪ್ರಶ್ನೆಗೆ ಚರಿತ್ರೆಯಲ್ಲಿ ಮೂರು ಉತ್ತರಗಳು ಕಂಡುಬರುತ್ತವೆ. ಮೊದಲನೆಯದು ಹಳೆಯ ಗ್ಲಾಬಿನದು: ‘ಹೊಂದಿಕೆಯಿಲ್ಲ’ ಎಂದು ತಿಳಿಸಿ ಆಜ್ಞೆಯನ್ನೇ ನಡೆಸದೆ ನಿಲ್ಲಿಸುವುದು. ಬಿಲ್ ಜಾಯ್ ರಚಿಸಿದ ಸಿ ಷೆಲ್ ಈ ಸಂಪ್ರದಾಯವನ್ನೇ ಉಳಿಸಿಕೊಂಡಿತು; ೧೯೯೦ರಲ್ಲಿ ಬಂದ ಜಡ್ ಷೆಲ್ಲಿನ ಸಹಜ ನಡೆಯೂ ಇದೇ. ಎರಡನೆಯದು ಸ್ಟೀಫನ್ ಬೋರ್ನ್ ರಚಿಸಿ, ೧೯೭೯ರಲ್ಲಿ ಯೂನಿಕ್ಸಿನ ಏಳನೆಯ ಆವೃತ್ತಿಯೊಡನೆ ಹೊರಬಂದ ಷೆಲ್ಲಿನದು: ಮಾದರಿಯನ್ನು ಬಿಡಿಸದೆ ಇದ್ದಂತೆಯೇ ಮುಂದಕ್ಕೆ ದಾಟಿಸುವುದು. ಪೋಸಿಕ್ಸ್ ಎಂಬ ಪ್ರಮಾಣಗ್ರಂಥವು ಇದನ್ನೇ ವಿಧಿಸಿತು. ಬ್ರಯನ್ ಫಾಕ್ಸ್ ೧೯೮೯ರಲ್ಲಿ ಹೊರತಂದ ಬ್ಯಾಷ್ ಷೆಲ್ ಸಹ ಸಾಮಾನ್ಯವಾಗಿ ಹೀಗೆಯೇ ನಡೆಯುತ್ತದೆ. ಮೂರನೆಯದು ಬ್ಯಾಷಿನಲ್ಲಿ ‘ನಲ್‌ಗ್ಲಾಬ್’ ಎಂಬ ಆಯ್ಕೆಯಿಂದ ದೊರೆಯುವುದು: ಹೊಂದಿಕೆಯಿಲ್ಲದ ಮಾದರಿಯನ್ನು ಪೂರ್ಣವಾಗಿ ಅಳಿಸಿಬಿಡುವುದು. ಅದೇ ಬ್ಯಾಷಿನಲ್ಲಿ ‘ಫೇಲ್‌ಗ್ಲಾಬ್’ ಎಂಬ ಇನ್ನೊಂದು ಆಯ್ಕೆಯೂ ಉಂಟು. ಅದು ೧೯೭೧ರ ಹಳೆಯ ಪದ್ಧತಿಗೆ ಮರಳುವುದೆಂದೇ ಹೇಳಬಹುದು.

ಸವಣೂರಿನ ‘ಒಂದು’ ಎರಡನೆಯ ಉತ್ತರದ ಫಲವೆಂಬುದು ಈಗ ಸ್ಪಷ್ಟವಾಗಿದೆ. ಹಾಗೆಂದು ಮೂರನೆಯ ಉತ್ತರವೇ ನಿರ್ದೋಷವಾದುದೆಂದು ಭಾವಿಸಲಾಗದು. ನಲ್‌ಗ್ಲಾಬ್ ಜಾರಿಯಲ್ಲಿರುವಾಗ ‘*.ಜೆಪಿಜಿ’ಗಳ ಪಟ್ಟಿಯನ್ನು ಕೊಡೆಂದು ಆಜ್ಞೆ ಮಾಡಿದರೆ, ಹೊಂದಿಕೆಯಿಲ್ಲದೆ ಮಾದರಿಯು ಅಳಿಸಿಹೋಗಿ, ಬರಿಯ ‘ಪಟ್ಟಿ ಕೊಡು’ ಎಂಬುದೊಂದೇ ಉಳಿಯುತ್ತದೆ. ಯಂತ್ರವು ಫೋಲ್ಡರಿನಲ್ಲಿರುವ ಎಲ್ಲವನ್ನೂ ಪಟ್ಟಿ ಮಾಡಿಬಿಡುತ್ತದೆ. ಏನೂ ಇಲ್ಲವೆಂದು ಹೇಳಬೇಕಾದೆಡೆಯಲ್ಲಿ ಎಲ್ಲವೂ ಇದೆಯೆಂದು ಹೇಳಿದಂತಾಗುತ್ತದೆ. ಆದಕಾರಣ ಎಣಿಸುವ ಆವರ್ತಗಳಲ್ಲಿ ಇದು ಯುಕ್ತವಾದರೂ ಎಲ್ಲೆಡೆಯಲ್ಲಿಯೂ ಯುಕ್ತವಲ್ಲ.

೪. ಕನ್ನಡದ ಹೆಸರುಗಳಲ್ಲಿ ಕಂಡುಬರುವ ವಿಶೇಷ

ಈ ಚಿಹ್ನೆಗಳು ಆಂಗ್ಲ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಅವನ್ನು ಕನ್ನಡದ ಹೆಸರುಗಳಿಗೆ ಅನ್ವಯಿಸುವಾಗ ಎಚ್ಚರಿಕೆ ಬೇಕು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಅದರಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ ಇವುಗಳಿಗೆ ಪ್ರತ್ಯೇಕ ಸಂಕೇತಗಳಿವೆ. ನಾವು ‘ಹಾನಗಲ್ಲ’ ಎಂಬಲ್ಲಿ ನಾಲ್ಕು ಅಕ್ಷರಗಳನ್ನು ಓದುತ್ತೇವೆ; ಯಂತ್ರವು ಏಳು ಸಂಕೇತಗಳನ್ನು ಕಾಣುತ್ತದೆ. ‘ಸವಣೂರು’ ನಮಗೆ ನಾಲ್ಕು, ಯಂತ್ರಕ್ಕೆ ಆರು. ‘ಶಿಗ್ಗಾವಿ’ ನಮಗೆ ಮೂರೇ ಅಕ್ಷರಗಳಾದರೆ ಯಂತ್ರಕ್ಕೆ ಎಂಟು. ‘ಹಿರೇಕೆರೂರು’ ಐದಕ್ಕೆ ಹತ್ತು. ಆದುದರಿಂದ ನಾಲ್ಕಕ್ಷರದ ಊರುಗಳು ಬೇಕೆಂದು ನಾಲ್ಕು ಪ್ರಶ್ನಚಿಹ್ನೆಗಳನ್ನು ಬರೆದವನಿಗೆ ಹಾನಗಲ್ಲೂ ದೊರೆಯದು, ಸವಣೂರೂ ದೊರೆಯದು. ಕನ್ನಡವನ್ನು ಅರಿಯುವಂತೆ ಭಾಷಾ ಸಂಯೋಜನೆಯನ್ನು ಮಾಡಿರದ ಯಂತ್ರದಲ್ಲಿ ಒಂದೊಂದು ಸಂಕೇತವೂ ಮೂರು ಬೈಟುಗಳಾಗಿ ಎಣಿಸಲ್ಪಟ್ಟು ಏಳು ಇಪ್ಪತ್ತೊಂದಾಗುವುದೂ ಉಂಟು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಹಿರೇಕೆರೂರಿನ ‘ರೇ’ ಎಂಬ ಅಕ್ಷರದಲ್ಲಿದೆ. ದೀರ್ಘ ಏಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಹ್ರಸ್ವ ಎಕಾರದ ಚಿಹ್ನೆ ಮತ್ತು ದೀರ್ಘದ ಗುರುತು ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡಿನ ನಿಯಮದಂತೆ ಇವೆರಡೂ ಸಮಾನವಾದವು. ಕಣ್ಣಿಗೂ ಯಾವ ಭೇದವೂ ತೋರದು. ಆದರೆ ಲಿನಕ್ಸಿನ ಕಡತವ್ಯವಸ್ಥೆಗಳು ಸಾಮಾನ್ಯವಾಗಿ ಹೆಸರನ್ನು ಬೈಟುಗಳ ಸಾಲೆಂದೇ ಬಗೆಯುವುದರಿಂದ ಅವು ಎರಡು ಬೇರೆ ಹೆಸರುಗಳಾಗುತ್ತವೆ. ಆಪಲ್ ಯಂತ್ರಗಳ ಹಿಂದಿನ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದಿತು. ಅಂತಹ ಯಂತ್ರದಿಂದ ಬಂದ ‘ಹಿರೇಕೆರೂರು’ ಎಂಬ ಕಡತವನ್ನು ಕೀಲಿಮಣೆಯಿಂದ ಹೆಸರು ಬರೆದು ಕೇಳಿದರೆ, ಕಣ್ಣೆದುರಿಗೆ ಇರುವ ಕಡತವನ್ನೇ ‘ಇಲ್ಲ’ವೆಂದು ಷೆಲ್ ಹೇಳಬಹುದು. ಹಳೆಯ ಲಿಪಿಕಾರನ ಕೈತಪ್ಪು ಕಣ್ಣಿಗೆ ಕಾಣುತ್ತಿದ್ದಿತು. ಈ ಪಾಠಾಂತರವು ಕಾಣುವುದೂ ಇಲ್ಲ.

ಮಾದರಿಯು ಬೇಡದುದನ್ನು ತರುವ ಪ್ರಸಂಗವೂ ಉಂಟು. ಪಾನುಂಗಲ್ ಮತ್ತು ಹಾನಗಲ್ಲ ಎರಡನ್ನೂ ಹಿಡಿಯಲು ‘[ಪಹ]*ಗಲ*’ ಎಂಬ ಮಾದರಿಯನ್ನು ನಾನು ರಚಿಸಿದೆನು. ಎರಡೂ ಬಂದುವು, ಅವುಗಳ ಹಿಂದೆ ‘ಹೊಸವೀರಗಲ್ಲು’ ಎಂಬುದೂ ಬಂದಿತು. ಹಕಾರದಿಂದ ಮೊದಲಾಗಿ ನಡುವೆ ‘ಗಲ’ ಎಂಬುದು ಇರುವ ಹೆಸರು ಅದು. ಯಂತ್ರದ ತಪ್ಪೇನೂ ಇಲ್ಲ. ಕೇವಲ ಧ್ವನಿಸಾಮ್ಯದಿಂದ ಊರುಗಳನ್ನು ಗುರುತಿಸುವ ಸಂಶೋಧಕನಿಗೆ ಒದಗುವ ಅಪಾಯವೂ ಇದೇ ಜಾತಿಯದು. ಅಂಕಿಗಳ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಸಂಕೇತಕ್ರಮದಲ್ಲಿ ಜೋಡಿಸಿದಾಗ ೧೦ ಎಂಬುದು ೨ಕ್ಕಿಂತ ಮುಂಚೆ ಬರುತ್ತದೆಯಾದ್ದರಿಂದ ಕಡತಗಳಿಗೆ ೦೧, ೦೨ ಎಂದು ಸೊನ್ನೆಯೊಡನೆ ಅಂಕಿಯಿಡುವುದು ಲೇಸು.

೫. ಅಸ್ತಿತ್ವಪರೀಕ್ಷೆ

ಹೆಸರು ದೊರೆತ ಮಾತ್ರಕ್ಕೆ ವಸ್ತು ದೊರೆತಂತಲ್ಲ. ಷೆಲ್ಲಿನಲ್ಲಿ ಇದಕ್ಕೆಂದೇ ‘ಟೆಸ್ಟ್’ ಎಂಬ ಆಜ್ಞೆಯುಂಟು. ಅದಕ್ಕೆ ‘ಇ’ ಎಂಬ ಆಂಗ್ಲಾಕ್ಷರದ ಗುರುತನ್ನು ಕೊಟ್ಟರೆ ಆ ಹೆಸರಿನದೇನಾದರೂ ಇದೆಯೇ ಎಂದು ನೋಡುತ್ತದೆ. ‘ಎಫ್’ ಎಂದರೆ ಅದು ಸಾಮಾನ್ಯ ಕಡತವೇ ಎಂದು, ‘ಡಿ’ ಎಂದರೆ ಫೋಲ್ಡರೇ ಎಂದು, ‘ಎಸ್’ ಎಂದರೆ ಒಳಗೆ ಏನಾದರೂ ಬರೆಹವಿದೆಯೇ ಎಂದು ಪರೀಕ್ಷಿಸುತ್ತದೆ. ಕೊನೆಯದು ನಮಗೆ ಬಹಳ ಉಪಯುಕ್ತ. ವರ್ಗಾವಣೆಯ ನಡುವೆ ವಿದ್ಯುತ್ತು ಹೋದಾಗ ಹೆಸರು ಮಾತ್ರವಿದ್ದು ಒಳಗೆ ಏನೂ ಇಲ್ಲದ ಕಡತಗಳು ಉಳಿಯುವುದುಂಟು.

ಈ ಪರೀಕ್ಷೆಯು ಒಂದು ವೇಳೆಗೆ ಒಂದೇ ಹೆಸರನ್ನು ವಿಚಾರಿಸುತ್ತದೆಯೆಂಬುದನ್ನು ಮರೆತು ‘*.ಜೆಪಿಜಿ ಇದೆಯೇ?’ ಎಂದು ಕೇಳುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಒಂದು ಕಡತವಿದ್ದರೆ ಉತ್ತರ ಸರಿಯಾಗಿ ಬರುವುದು. ಒಂದೂ ಇಲ್ಲದಿದ್ದರೆ ನಕ್ಷತ್ರದ ಹೆಸರಿನ ಕಡತವಿಲ್ಲವಾದ್ದರಿಂದ ಆಗಲೂ ಉತ್ತರ ಸರಿಯಾಗಿಯೇ ಬರುವುದು. ಎರಡೋ ಹೆಚ್ಚೋ ಇದ್ದಾಗ ಮಾತ್ರ ಪ್ರಶ್ನೆಯೇ ಕೆಟ್ಟು ದೋಷಸೂಚನೆ ಬರುವುದು. ಎರಡು ಸಲ ಸರಿಯಾಗಿ ನಡೆದು ಮೂರನೆಯ ಸಲ ಕೈಕೊಡುವ ಸ್ಕ್ರಿಪ್ಟು, ಮೊದಲೇ ಕೆಟ್ಟಿರುವುದಕ್ಕಿಂತ ಅಪಾಯಕಾರಿ. ಬ್ಯಾಷಿನ ಜೋಡಿ ಚೌಕ ಆವರಣದೊಳಗಾದರೋ ನಕ್ಷತ್ರವು ಬಿಡಿಸಲ್ಪಡುವುದೇ ಇಲ್ಲ. ಆದುದರಿಂದ ನೂರು ಕಡತಗಳಿದ್ದರೂ ‘ಇಲ್ಲ’ವೆಂಬ ಉತ್ತರವೇ ಬರುವುದು.

‘ಇಲ್ಲ’ ಎಂಬ ಉತ್ತರಕ್ಕೆ ಒಂದೇ ಅರ್ಥವಿಲ್ಲವೆಂಬುದನ್ನೂ ತಿಳಿದಿರಬೇಕು. ಫೋಲ್ಡರಿನೊಳಗೆ ಪ್ರವೇಶಿಸಲು ನಮಗೆ ಅನುಮತಿಯಿಲ್ಲದಿದ್ದರೂ ಪರೀಕ್ಷೆಯು ‘ಇಲ್ಲ’ವೆಂದೇ ಹೇಳುತ್ತದೆ, ಬೀಗ ಹಾಕಿದ ಗುಡಿಯ ಹೊರಗಿನಿಂದಲೇ ಮರಳಿ ಬಂದವನು ಅಲ್ಲಿ ಶಾಸನವಿಲ್ಲವೆಂದು ಬರೆದಂತೆ. ಇನ್ನೊಂದು ಪ್ರಸಂಗವು ಸಾಂಕೇತಿಕ ಕೊಂಡಿಯದು. ಬೇರೆಡೆಯಲ್ಲಿರುವ ಕಡತವನ್ನು ತೋರಿಸುವ ಕೊಂಡಿಯು ಉಳಿದು, ಮೂಲ ಕಡತವು ಅಳಿದರೆ, ‘ಇ’ ಗುರುತಿನ ಪರೀಕ್ಷೆಯು ಮೂಲವನ್ನು ಅರಸಿ ‘ಇಲ್ಲ’ವೆನ್ನುತ್ತದೆ, ಕೊಂಡಿಯನ್ನೇ ವಿಚಾರಿಸುವ ‘ಎಲ್’ ಗುರುತಿನ ಪರೀಕ್ಷೆಯು ‘ಇದೆ’ಯೆನ್ನುತ್ತದೆ. ಎಲಿಯಟ್ ಅವರ ಸಂಗ್ರಹದಂತಹ ಹಳೆಯ ಪ್ರತಿಗಳನ್ನು ಬಳಸುವವರಿಗೆ ಈ ಭೇದವು ಹೊಸದೇನಲ್ಲ. ಪ್ರತಿಯುಂಟು ಎಂಬುದು ಒಂದು ಸಂಗತಿ. ಕಲ್ಲು ಇಂದಿಗೂ ಉಂಟು ಎಂಬುದು ಮತ್ತೊಂದು ಸಂಗತಿ. ಎರಡನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು.

ಹೀಗಿರುವಲ್ಲಿ ನಿರ್ದುಷ್ಟವಾದ ಕ್ರಮ ಯಾವುದು? ಮಾದರಿಗೆ ಹೊಂದಿದ ಹೆಸರುಗಳನ್ನು ಆವರ್ತದಲ್ಲಿ ಒಂದೊಂದಾಗಿ ತೆಗೆದುಕೊಳ್ಳುವುದು. ತೆಗೆದುಕೊಂಡ ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಇರಿಸುವುದು, ಇಲ್ಲವಾದರೆ ‘ಬಂಕಾಪುರ ಕೋಟೆ’ ಎಂಬ ಒಂದು ಹೆಸರು ನಡುವಣ ತೆರವಿನಿಂದ ಎರಡಾಗಿ ಒಡೆದುಹೋಗುವುದು. ಆ ಹೆಸರಿನ ಕಡತವು ನಿಜವಾಗಿ ಇದೆಯೇ ಎಂದು ಪರೀಕ್ಷಿಸುವುದು. ಇಲ್ಲವಾದರೆ ಎಣಿಸದೆ ಮುಂದೆ ಸಾಗುವುದು. ಇದ್ದರೆ ಮಾತ್ರ ಒಂದು ಸೇರಿಸುವುದು. ಒಂದೇ ಸಾಲಿನ ಈ ಪರೀಕ್ಷೆಯನ್ನು ನಾನು ಬರೆದಿದ್ದರೆ ಸವಣೂರಿನ ಎದುರಿಗೆ ಸೊನ್ನೆ ಬರುತ್ತಿದ್ದಿತು. ಸೊನ್ನೆಯನ್ನು ಕಂಡಿದ್ದರೆ ಕಾರಣವನ್ನು ಹುಡುಕುತ್ತಿದ್ದೆನು. ‘ಒಂದು’ ಎಂಬುದು ನಂಬುವಂತಹ ಸಂಖ್ಯೆಯಾದ್ದರಿಂದಲೇ ಸಂಶಯ ಹುಟ್ಟಲಿಲ್ಲ.

೬. ಕಳೆದುಹೋದ ಒಂದು ವೀರಗಲ್ಲು

ಇಷ್ಟರವರೆಗೆ ಹೇಳಿದುದು ತಿದ್ದಿಕೊಳ್ಳಬಹುದಾದ ತಪ್ಪು. ತಿದ್ದಲಾಗದ ತಪ್ಪನ್ನೂ ಹೇಳುವುದು ನನ್ನ ಕರ್ತವ್ಯ. ಹಾನಗಲ್ಲ ತಾಲೂಕಿಗೆ ಹೋದವರೂ ಹಿರೇಕೆರೂರು ತಾಲೂಕಿಗೆ ಹೋದವರೂ ತಮ್ಮ ತಮ್ಮ ಮೊದಲ ಚಿತ್ರಕ್ಕೆ ‘ವೀರಗಲ್ಲು-೦೧’ ಎಂದೇ ಹೆಸರಿಟ್ಟಿದ್ದರು. ನಾಲ್ಕೂ ಫೋಲ್ಡರುಗಳ ಕಡತಗಳನ್ನು ಒಂದೆಡೆಗೆ ಸಾಗಿಸುವ ಸ್ಕ್ರಿಪ್ಟನ್ನು ನಾನು ಬರೆದೆನು. ಆ ಹೆಸರಿನದು ಅಲ್ಲಿ ಮೊದಲೇ ಇದೆಯೇ ಎಂದು ಅದು ವಿಚಾರಿಸಲಿಲ್ಲ. ಹೆಸರಿನ ಕ್ರಮದಲ್ಲಿ ಮುಂದಿದ್ದ ಹಾನಗಲ್ಲಿನದು ಮೊದಲು ಹೋಯಿತು. ಹಿರೇಕೆರೂರಿನದು ಅನಂತರ ಹೋಗಿ ಅದರ ಸ್ಥಾನದಲ್ಲಿ ಕುಳಿತಿತು. ಕ್ಯಾಮೆರಾದ ಕಾರ್ಡನ್ನು ಅದಾಗಲೇ ಅಳಿಸಿದ್ದೆವು. ತಿಂಗಳುಗಳು ಕಳೆದು ಆ ಹಳ್ಳಿಗೆ ಮತ್ತೆ ಹೋದಾಗ ಊರವರು ಗುಡಿಯನ್ನು ಹೊಸದು ಮಾಡಿ, ಭಕ್ತಿಯಿಂದಲೇ, ವೀರಗಲ್ಲಿಗೆ ದಪ್ಪನಾಗಿ ಬಣ್ಣ ಬಳಿದಿದ್ದರು. ಪಟ್ಟಿಕೆಯಲ್ಲಿದ್ದ ಎರಡು ಸಾಲುಗಳ ಅಕ್ಷರಗಳು ಬಣ್ಣದಡಿಯಲ್ಲಿ ಮುಚ್ಚಿಹೋಗಿದ್ದುವು.

ಕಡತವೆಂಬ ಮಾತು ನಮ್ಮ ನಾಡಿನಲ್ಲಿ ಹಳೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಲೇಪಿಸಿ, ಮಡಿಕೆಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಕಡತವೆಂದು ಹೆಸರಿದ್ದಿತು. ಅದರ ಬರೆಹವನ್ನು ಒರಸಿ ಮತ್ತೆ ಬರೆಯಬಹುದಾಗಿದ್ದಿತು. ಹಳೆಯದನ್ನು ಓದಿದ ಮೇಲೆಯೇ ಒರಸಬೇಕೆಂಬ ವಿವೇಕವು ಅದನ್ನು ಬಳಸುವ ಕೈಗೆ ಬೇಕಾಗಿದ್ದಿತು. ಹೊಸ ಕಡತಕ್ಕೂ ಅದೇ ವಿವೇಕ ಬೇಕು. ಸಾಗಿಸುವ ಆಜ್ಞೆಗೆ ‘ಇರುವುದರ ಮೇಲೆ ಬರೆಯಬೇಡ’ ಎಂಬ ಆಯ್ಕೆಯುಂಟು. ಷೆಲ್ಲಿನ ಮೂಲಕ ಕಡತಕ್ಕೆ ಬರೆಯುವಾಗ ‘ನೋಕ್ಲಾಬರ್’ ಎಂಬ ಆಯ್ಕೆಯಿಂದ ಇದೇ ರಕ್ಷಣೆ ದೊರೆಯುತ್ತದೆ. ಮೊದಲು ಪರೀಕ್ಷಿಸಿ ಅನಂತರ ಬರೆಯುವ ಕ್ರಮದಲ್ಲಿ, ಆ ಎರಡರ ನಡುವೆ ಬೇರೊಬ್ಬರು ಅದೇ ಹೆಸರಿನ ಕಡತವನ್ನು ಸೃಷ್ಟಿಸುವ ಅವಕಾಶವಿರುವುದರಿಂದ, ಹಲವರು ಕೂಡಿ ಕೆಲಸ ಮಾಡುವೆಡೆಯಲ್ಲಿ ನೋಡುವುದೂ ಬರೆಯುವುದೂ ಒಂದೇ ಕ್ರಿಯೆಯಾಗುವ ಇಂತಹ ವ್ಯವಸ್ಥೆಯೇ ಮೇಲು. ಎಲ್ಲಕ್ಕಿಂತ ಮಿಗಿಲಾಗಿ, ತಾಲೂಕು, ಊರು, ಕ್ರಮಸಂಖ್ಯೆ ಮೂರನ್ನೂ ಹೆಸರಿನಲ್ಲಿಯೇ ಸೇರಿಸಿದ್ದರೆ ಈ ಅನರ್ಥಕ್ಕೆ ಎಡೆಯೇ ಇರುತ್ತಿರಲಿಲ್ಲ.

೭. ಉಪಸಂಹಾರ

ಮೇಲಣ ವಿವೇಚನೆಯಿಂದ ಫಲಿಸುವ ಅಂಶಗಳು ಹೆಚ್ಚೇನಿಲ್ಲ. ಮಾದರಿಯಿಂದ ದೊರೆತುದೆಲ್ಲ ನಾವು ಬಯಸಿದುದಲ್ಲ, ದೊರೆಯದುದೆಲ್ಲ ಇಲ್ಲದುದಲ್ಲ. ಹೆಸರು ಬೇರೆ, ವಸ್ತು ಬೇರೆ. ಏನೂ ದೊರೆಯದಾಗ ಯಂತ್ರವು ಏನು ಮಾಡುವುದೆಂಬುದನ್ನು, ಏನಾದರೂ ದೊರೆಯುವುದೆಂಬ ನಿರೀಕ್ಷೆಯಿಂದ ಸ್ಕ್ರಿಪ್ಟನ್ನು ಬರೆಯುವ ಮುನ್ನವೇ ತಿಳಿದಿರಬೇಕು. ಖಾಲಿಯಾದ ಒಂದು ಫೋಲ್ಡರಿನ ಮೇಲೆ ಅದನ್ನು ಮೊದಲು ಪ್ರಯೋಗಿಸಿ ನೋಡುವುದು ಪ್ರತಿಯೊಬ್ಬ ವಿದ್ಯಾರ್ಥಿಯೂ ರೂಢಿಸಿಕೊಳ್ಳಬೇಕಾದ ಅಭ್ಯಾಸ.

ವರದಿಯ ಕರಡಿನಲ್ಲಿ ಸವಣೂರಿನ ಎದುರಿಗಿದ್ದ ‘೧’ ಎಂಬ ಅಂಕಿಯನ್ನು ಹೊಡೆದುಹಾಕಿ, ‘ಟಿಫ್’ ರೂಪದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿ ಎಣಿಸಿ ನಿಜವಾದ ಸಂಖ್ಯೆಯನ್ನು ಬರೆದಿದ್ದೇವೆ. ಹಾನಗಲ್ಲಿನ ಪಟ್ಟಿಯಲ್ಲಿ ಆ ವೀರಗಲ್ಲಿನ ಸಾಲನ್ನು ತೆಗೆದುಹಾಕಿಲ್ಲ. ಅದರೆದುರಿಗೆ ‘ಚಿತ್ರ ತೆಗೆಯಲಾಗಿತ್ತು, ನಮ್ಮ ಅಜಾಗರೂಕತೆಯಿಂದ ನಷ್ಟವಾಯಿತು, ಕಲ್ಲು ಸ್ಥಳದಲ್ಲಿದೆ, ಅಕ್ಷರಗಳು ಬಣ್ಣದಡಿಯಲ್ಲಿವೆ’ ಎಂದು ಬರೆಯಲಾಗಿದೆ. ಮುಂದೆಂದಾದರೂ ಆ ಬಣ್ಣವನ್ನು ಜಾಗರೂಕತೆಯಿಂದ ತೆಗೆಯಬಲ್ಲವರು ಅಲ್ಲಿಗೆ ಹೋದಾರು. ಆಗ ಅವರಿಗೆ ಹುಡುಕಬೇಕಾದುದು ಏನೆಂಬುದಾದರೂ ತಿಳಿದಿರಲಿ.